ಹಿಟ್ಟು ಹುಳಿ ಬರಿಸಲು ಶುಲ್ಕ

ಚಿಕ್ಕಮಗಳೂರಿನ ಹೋಮ್‌ಸ್ಟೇಗಳು ಇಷ್ಟು ದಿನ ಮಂಜು ಮಾರುತ್ತಿದ್ದವು, ಮಳೆಯಲ್ಲಿ ನೆನೆಯುವುದಕ್ಕೂ ಪ್ಯಾಕೇಜ್ ಇಟ್ಟಿದ್ದವು. ಈಗ ಹುಳಿ ಹಿಟ್ಟಿನ ಸರದಿ: ‘ಗ್ಲುಟೆನ್ ಮುಕ್ತ ಸೋರ್‌ಡೋ ಸ್ಟಾರ್ಟರ್ ಶಿಬಿರ’. ಸೋರ್‌ಡೋ ಎಂದರೆ ಹುಳಿ ಹಿಟ್ಟಿನ ಬ್ರೆಡ್, ಸ್ಟಾರ್ಟರ್ ಎಂದರೆ ಅದನ್ನು ಉಬ್ಬಿಸುವ ಹೆಪ್ಪು, ಗ್ಲುಟೆನ್ ಎಂದರೆ ಗೋಧಿಯಂಥ ಧಾನ್ಯದಲ್ಲಿರುವ ಒಂದು ಪ್ರೋಟೀನ್. ಶುಲ್ಕದಲ್ಲಿ ಊಟ ಸೇರಿದೆ, ಬ್ರೆಡ್ ಸೇರಿಲ್ಲ. ಅದು ಉಬ್ಬೀತೆಂಬ ಧೈರ್ಯ ಕಲಿಸುವವರಿಗೇ ಇದ್ದಂತಿಲ್ಲ.

ವಿದ್ಯೆ ಬಲು ಗಹನ. ಗಾಜಿನ ಜಾಡಿಗೆ ರಾಗಿಹಿಟ್ಟು, ಅಷ್ಟೇ ತೂಕದ ನೀರು. ಕಲಸಿ, ಸಡಿಲವಾಗಿ ಮುಚ್ಚಿಡಬೇಕು. ದಿನಾ ಅರ್ಧ ತೆಗೆದು ಚೆಲ್ಲಿ, ಹೊಸ ಹಿಟ್ಟು ನೀರು ‘ಉಣಿಸಬೇಕು’. ವಾರದ ಹೊತ್ತಿಗೆ ಹಿಟ್ಟಿನಲ್ಲೇ ಇದ್ದ ಯೀಸ್ಟೂ ಲ್ಯಾಕ್ಟಿಕ್ ಬ್ಯಾಕ್ಟೀರಿಯವೂ ಹೆಚ್ಚಿ ಗುಳ್ಳೆ ಏಳುತ್ತವೆ. ಜುಲೈ ಚಳಿಗೆ ಏಳದಿದ್ದರೆ ಜಾಡಿಗೆ ಉಣ್ಣೆ ಟೋಪಿ.

ಅಡುಗೆಯ ಅಕ್ಕನಿಗೆ ತಡೆಯಲಿಲ್ಲ. “ಸಾರ್, ನಮ್ಮ ಕಡೂರ್ ಕಡೆ ಅಂಬಲಿಗೆ ರಾತ್ರಿ ಹಿಟ್ಟು ಕಲಸಿಟ್ರೆ ಬೆಳಿಗ್ಗೆ ತಾನೇ ಹುಳಿ ಬಂದಿರುತ್ತೆ. ಚೆಲ್ಲೋದ್ಯಾಕೆ?”

“ಅದು ಅಂಬಲಿ ಅಕ್ಕಾ, ಇದು ಸ್ಟಾರ್ಟರ್. ಜಾಡಿ ಮುಟ್ಟಬೇಡಿ.”

ಚೆಲ್ಲಲು ಕೊಟ್ಟದ್ದನ್ನು ಆಕೆ ದೋಸೆ ಹಿಟ್ಟಿಗೆ ಸುರಿದರು. ಶಿಬಿರಾರ್ಥಿಗಳು ಎರಡೆರಡು ಸಲ ಹಾಕಿಸಿಕೊಂಡು ತಿಂದರು.

ಇನ್ನು ಬ್ರೆಡ್. ಗುಳ್ಳೆಯ ಗಾಳಿಯನ್ನು ಹಿಡಿದಿಡುವುದು ಗೋಧಿಯ ಗ್ಲುಟೆನ್. ರಾಗಿಯಲ್ಲಿ ಅದಿಲ್ಲ, ಗಾಳಿ ಸೋರಿಹೋಗುತ್ತದೆ. ಅದಕ್ಕೆ ಇಸಬ್‌ಗೋಲ್ ಸೇರಿಸುತ್ತಾರೆ. ಹೌದು, ಹೊಟ್ಟೆ ಕಟ್ಟಿದಾಗ ಮೆಡಿಕಲ್ ಸ್ಟೋರಿನಿಂದ ತರುವ ಅದೇ ಡಬ್ಬ! ಇಷ್ಟಾದರೂ ಒವನ್‌ನಿಂದ ಹೊರಬಂದದ್ದನ್ನು ಕೊಯ್ಯಲು ತೋಟದ ಕತ್ತಿಯೇ ಬೇಕಾಯಿತು.

ಸೀಲಿಯಕ್ ಕಾಯಿಲೆಯವರು ಇಂಥ ಬ್ರೆಡ್ ಹುಡುಕಿಕೊಂಡು ಹೋದರೆ ತಪ್ಪಿಲ್ಲ. ಗೋಧಿ, ಬಾರ್ಲಿಯ ಗ್ಲುಟೆನ್ ಅವರ ಕರುಳನ್ನೇ ಕೆಡಿಸುತ್ತದೆ. ‘ಗ್ಲುಟೆನ್ ಮುಕ್ತ’ ಎಂದು ಬರೆಯಬೇಕಾದರೆ ಗ್ಲುಟೆನ್ ಕೆಜಿಗೆ 20 ಮಿಲಿಗ್ರಾಂ ಮೀರಕೂಡದೆಂದು ನಮ್ಮ ಆಹಾರ ಸುರಕ್ಷತಾ ನಿಯಮವೇ ಇದೆ. ನಮ್ಮವರೋ, ಎಂದೂ ಗ್ಲುಟೆನ್ ಕಾಣದ ಕಾಫಿಪುಡಿ ಪೊಟ್ಟಣಕ್ಕೂ ಆ ಚೀಟಿ ಅಂಟಿಸಿ, ರಾಗಿ ಬ್ರೆಡ್ಡನ್ನು ಮೈದಾ ಪರೋಟ ಲಟ್ಟಿಸಿದ ಹಲಗೆಯ ಮೇಲೇ ತಟ್ಟುತ್ತಾರೆ.

ಶಿಬಿರಕ್ಕೆ ಆ ಕಾಯಿಲೆಯವರೇ ಒಬ್ಬರು ಬಂದಿದ್ದರು. ಊಟಕ್ಕೆ ಕೂರುವ ಮುಂಚೆ ಸಾರಿಗೆ ಹಾಕಿದ ಇಂಗಿನ ಡಬ್ಬಿ ತರಿಸಿ, ಕನ್ನಡಕ ಏರಿಸಿ ಓದಿದರು. ಅಂಟು, ಇಂಗು, ಗೋಧಿಹಿಟ್ಟು.

ಮಾಲೀಕರು ನಕ್ಕರು: “ಅದು ಒಗ್ಗರಣೆಗೆ ಸಾರ್. ಬ್ರೆಡ್ಡಿಗೆ ಇಂಗು ಹಾಕಲ್ಲ ನಾವು.”