ರಾಜನಿಲ್ಲದ ಬಿಲ್ಲೆ

ಮೆಟಲ್ ಡಿಟೆಕ್ಟರ್ ಹಿಡಿದವರಿಗೆ ಕೋಲಾರದ ನೆಲ ಕೊಡುವುದು ಬಹುಪಾಲು ಮೊಳೆ, ಸೋಡಾ ಮುಚ್ಚಳ, ಎತ್ತಿನ ಲಾಳ. ಕೆಜಿಎಫ್ ಸುತ್ತಿನ ಕಬ್ಬಿಣದಂಶದ ಮಣ್ಣಿನಲ್ಲಿ ಗ್ರೌಂಡ್ ಬ್ಯಾಲೆನ್ಸ್ (ಮಣ್ಣಿನದೇ ಸದ್ದನ್ನು ಯಂತ್ರ ಬದಿಗಿಡುವಂತೆ ಹೊಂದಿಸುವುದು) ಮಾಡಿಕೊಳ್ಳದಿದ್ದರೆ ಯಂತ್ರ ಬರೀ ಮಣ್ಣಿಗೇ ಕಿರುಚುತ್ತದೆ. ಇದರ ನಡುವೆ ಒಂದು ಹಿತ್ತಾಳೆ ಬಿಲ್ಲೆ ಸಿಕ್ಕಿತೋ, ಸುತ್ತ ನಿಂತವರು "ಟಿಪ್ಪು ಕಾಲದ್ದು" ಎಂದು ತೀರ್ಪು ಕೊಟ್ಟೇಬಿಡುತ್ತಾರೆ. ನಮ್ಮ ಕಡೆ ಹಳೆಯದೆಲ್ಲ ಒಂದೋ ಟಿಪ್ಪುವಿನದು, ಇಲ್ಲವೇ ಪಾಂಡವರದು.

ನಾಣ್ಯದ ಮೇಲೆ ರಾಜನದೋ ಸರ್ಕಾರದ್ದೋ ಗುರುತಿರುತ್ತದೆ. ಗಣಿ, ಮಿಲ್ಲು, ಕ್ಯಾಂಟೀನುಗಳು ತಮ್ಮ ಬಳಕೆಗೆ ಮಾಡಿಸಿಕೊಂಡ ಬಿಲ್ಲೆಗೆ, ಅಂದರೆ ಟೋಕನ್ನಿಗೆ, ಆ ಹಂಗಿಲ್ಲ. ಒಂದು ಮಗ್ಗುಲು ಬೋಳು, ಇನ್ನೊಂದರಲ್ಲಿ ನಾಲ್ಕಾರು ಅಕ್ಷರ. ಸಂಖ್ಯೆಯನ್ನು ಆಮೇಲೆ ಒಂದೊಂದೇ ಅಂಕಿಯ ಪಂಚ್ ಇಟ್ಟು ಸುತ್ತಿಗೆಯಲ್ಲಿ ಹೊಡೆದಿರುವುದರಿಂದ ಸಾಲು ಸೊಟ್ಟ. ಅಂಚಿನ ಬಳಿ ತೂತಿದ್ದರೆ ಅದು ಮೊಳೆಗೆ ನೇತುಹಾಕಲು. ತೂತು ನಟ್ಟನಡುವೆ ಇದ್ದರೆ ಮಾತ್ರ ತಡೆಯಿರಿ: 1943ರಿಂದ 1947ರವರೆಗೆ ಬಂದ ತೂತಿನ ಒಂದು ಪೈಸೆ ಸುಮಾರು 2 ಗ್ರಾಂ, 21 ಮಿಲಿಮೀಟರ್. ಅದು ಅಸಲಿ ನಾಣ್ಯವೇ.

ಬಿಲ್ಲೆ ಹಾಳಾಗುವುದು ಮಣ್ಣಿನಲ್ಲಲ್ಲ, ಅಡುಗೆಮನೆಯಲ್ಲಿ. ದೀಪ ಬೆಳಗಿದಂತೆ ಹುಣಸೆಹಣ್ಣು ಹಾಕಿ ತಿಕ್ಕಿದರೆ ಆಳವಿಲ್ಲದ ಅಕ್ಷರಗಳು ಉಳಿದಿದ್ದ ಹಸಿರು-ಕಂದು ಪದರವೇ ಹೋಗಿ, ಚೆಂದದ ಬೋಳು ತಗಡು ಉಳಿಯುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಕೆಲವು ದಿನ ನೆನೆಸಿ, ನೀರು ಬದಲಿಸುತ್ತ, ಬಿದಿರಿನ ಕಡ್ಡಿಯಲ್ಲಿ ಮಣ್ಣು ಬಿಡಿಸಿದರೆ ಸಾಕು. ಆಮೇಲೆ ಕತ್ತಲಲ್ಲಿ ಟಾರ್ಚನ್ನು ಬಿಲ್ಲೆಯ ಮಟ್ಟಕ್ಕೆ ಮಲಗಿಸಿ, ಬಿಲ್ಲೆಯನ್ನು ನಿಧಾನವಾಗಿ ತಿರುಗಿಸಿ. ಹಗಲಲ್ಲಿ ಕಾಣದ ಅಂಕಿ ನೆರಳಾಗಿ ಏಳುತ್ತದೆ.

ಲೋಹ ಯಾವುದೆಂಬ ಜಗಳಕ್ಕೆ ಚಿನಿವಾರರ ತಕ್ಕಡಿಯಂಥ, 0.01 ಗ್ರಾಂ ತೋರಿಸುವ ತೂಕದ ಯಂತ್ರ ಬೇಕು. ಮೊದಲು ಒಣ ತೂಕ, 6.3 ಗ್ರಾಂ ಬಂತೆನ್ನಿ. ನೀರಿನ ಲೋಟವನ್ನು ಯಂತ್ರದ ಮೇಲಿಟ್ಟು ಸೊನ್ನೆ ಮಾಡಿ, ಬಿಲ್ಲೆಯನ್ನು ದಾರದಲ್ಲಿ ತಳ ಮುಟ್ಟದಂತೆ ಮುಳುಗಿಸಿ. 0.74 ತೋರಿಸಿದರೆ ಒಣ ತೂಕವನ್ನು ಅದರಿಂದ ಭಾಗಿಸಿ: 8.5, ಅಂದರೆ ನೀರಿಗಿಂತ ಅಷ್ಟು ಪಟ್ಟು ಭಾರ, ಹಿತ್ತಾಳೆ. ತಾಮ್ರವಾದರೆ 8.9ರ ಆಸುಪಾಸು, ಅಲ್ಯೂಮಿನಿಯಂ 2.7. ಅಂಕಿಯ ಗುಂಡಿಗಳಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡರೆ ಲೆಕ್ಕ ಕೆಳಗಿಳಿಯುತ್ತದೆ. ನೀರಿಗೆ ಒಂದು ತೊಟ್ಟು ಸೋಪು ಬಿಟ್ಟರೆ ಗುಳ್ಳೆ ನಿಲ್ಲುವುದಿಲ್ಲ.

ಕಾಲ ಹೇಳುವುದು ಬಿಲ್ಲೆಯ ಮೇಲಿನ ಬರಹ. "ಆಣೆ" ಎಂದಿದ್ದರೆ ಬಹುಮಟ್ಟಿಗೆ ದಶಮಾಂಶ ನಾಣ್ಯ ಬಂದ 1957ಕ್ಕೆ ಮುಂಚಿನದು; "ನಯಾ ಪೈಸೆ" ಎಂದಿದ್ದರೆ ಆಮೇಲಿನದು. ಬಿ.ಜಿ.ಎಂ.ಎಲ್. ಎಂಬ ಅಕ್ಷರಗಳು 1972ಕ್ಕಿಂತ ಹಿಂದೆ ಹೋಗಲಾರವು, ಭಾರತ್ ಗೋಲ್ಡ್ ಮೈನ್ಸ್ ಹುಟ್ಟಿದ್ದೇ ಆಗ. ಬ್ರಿಟಿಷ್ ಸಂಸ್ಥೆ ಜಾನ್ ಟೇಲರ್ ಆಡಳಿತದ ಮೈಸೂರು, ಚಾಂಪಿಯನ್ ರೀಫ್, ಊರ್ಗಾಂ, ನಂದಿದುರ್ಗ ಚಿನ್ನದ ಗಣಿ ಕಂಪನಿಗಳ ಮೊದಲಕ್ಷರ ಕಂಡರೆ 1956ರಲ್ಲಿ ಸರ್ಕಾರ ಗಣಿಗಳನ್ನು ವಹಿಸಿಕೊಳ್ಳುವುದಕ್ಕೆ ಹಿಂದಿನದು ಎಂದು ಊಹಿಸಬಹುದು. ಊಹೆ, ಅಷ್ಟೇ. ಒಂದೇ ಒಂದು "ಎಂ" ಮೈಸೂರಿಗೂ ಸಲ್ಲುತ್ತದೆ, ಮಿಲ್ಲಿಗೂ, ಮುನಿಸಿಪಾಲಿಟಿಗೂ.

ಅದಕ್ಕೇ ಸಿಕ್ಕ ಜಾಗ ಮುಖ್ಯ. ಶಾಫ್ಟಿನ (ಗಣಿಗೆ ಇಳಿಯುವ ಬಾವಿಯ) ಹತ್ತಿರ ಸಿಕ್ಕ ಬರೀ ಸಂಖ್ಯೆಯ ಬಿಲ್ಲೆ ಕೂಲಿಯಾಳಿನ ಹಾಜರಿಯದ್ದೋ, ಅವನು ಪಡೆದ ಗಣಿದೀಪದ ಲೆಕ್ಕದ್ದೋ ಇರಬಹುದು. ಬೆಲೆ ಬರೆದದ್ದು ಕ್ಯಾಂಟೀನಿನದಿರಬಹುದು. ಎತ್ತುವ ಮುಂಚೆ ಆಳ ಅಳೆದು, ಜಾಗದ ಫೋಟೋ ತೆಗೆದು, ಜೊತೆಗೆ ಸಿಕ್ಕ ಗಾಜು, ಬೀಗ, ಅಂಗಿ ಗುಂಡಿಗಳನ್ನೂ ಒಂದೇ ಚೀಲಕ್ಕೆ ಹಾಕಿ ಚೀಟಿ ಅಂಟಿಸಿ. ಜಮೀನಿನವರ ಒಪ್ಪಿಗೆ ಮೊದಲೇ ಪಡೆದಿರಬೇಕು. ಸಂರಕ್ಷಿತ ಸ್ಮಾರಕದ ಆವರಣವಾದರೆ ಡಿಟೆಕ್ಟರನ್ನು ಚೀಲದಿಂದ ಹೊರಗೇ ತೆಗೆಯಬೇಡಿ.