ಸಾಹೇಬರು ಇದ್ದಾರೆ, ಸೀಲ್ ಇಲ್ಲ

ಧಾರವಾಡದ ಒಂದು ಕಚೇರಿಯ ಬೆಂಚಿನ ಮೇಲೆ ಕೂತು ನಾನು ಮೊಬೈಲ್‌ನಲ್ಲಿ ಹಳೇ ರೋಮಿನ ಉಂಗುರ ನೋಡುತ್ತಿದ್ದೆ. ಬೇರೆ ಕೆಲಸ ಇರಲಿಲ್ಲ. ಯಾವುದೋ ಮ್ಯೂಸಿಯಂನ ಕಂಚಿನ ಮುದ್ರೆಯುಂಗುರ. ಕಿಲುಬು ಹಿಡಿದು ಹಸಿರಾಗಿದೆ. ಅಕ್ಷರಗಳನ್ನೆಲ್ಲ ಉಲ್ಟಾ ಕೆತ್ತಿದ್ದಾರೆ, ಮೇಣಕ್ಕೋ ಜೇಡಿಮಣ್ಣಿಗೋ ಒತ್ತಿದಾಗ ಸರಿಯಾಗಿ ಮೂಡಲಿ ಅಂತ.

ನನ್ನ ಅರ್ಜಿಗೆ ಸಾಹೇಬರ ಸಹಿ ಆಗಿತ್ತು. ಸಾಹೇಬರು ಎದುರಿಗೇ ಚಹಾ ಕುಡಿಯುತ್ತಿದ್ದರು. ಸೀಲ್ ಮಾತ್ರ ಇರಲಿಲ್ಲ.

"ಸೀಲ್ ಕಪಾಟಿನಾಗ ಐತ್ರಿ," ಎಂದ ಜವಾನ. "ಕೀಲಿ ಕ್ಲರ್ಕ್ ಕಡೆ ಐತಿ. ಅವರು ಲಗ್ನಕ್ಕ ಗದಗಿಗೆ ಹೋಗ್ಯಾರ."

"ಸಾಹೇಬರು ಇಲ್ಲೇ ಅದಾರಲ್ರಿ?"

"ಸಾಹೇಬರನ್ನ ತಗೊಂಡು ಏನ್ ಮಾಡ್ತೀರಿ? ಸೀಲ್ ಬೇಕಲ್ರಿ."

ಸಾಹೇಬರೂ ಹೌದೆಂದು ತಲೆ ಆಡಿಸಿದರು.

ರೋಮಿನವರು ಇಷ್ಟು ಮುಂದುವರಿದಿರಲಿಲ್ಲ. ಮುದ್ರೆಯನ್ನು ಬೆರಳಿಗೇ ಹಾಕಿಕೊಂಡು ಓಡಾಡುತ್ತಿದ್ದರು, ಪಾಪ. ಕ್ಲರ್ಕ್ ಲಗ್ನಕ್ಕೆ ಹೋದರೂ ಕೆಲಸ ನಡೆದುಬಿಡುತ್ತಿತ್ತು. ನಮ್ಮ ಬಾದಾಮಿ ಚಾಲುಕ್ಯರೂ ಅಷ್ಟೇ. ತಾಮ್ರಪಟಗಳನ್ನು ಒಂದು ಬಳೆಗೆ ಪೋಣಿಸಿ, ತುದಿ ಕೂಡಿಸಿ, ಅಲ್ಲಿ ವರಾಹ ಮುದ್ರೆ ಹಾಕಿದರೆ ಮುಗಿಯಿತು. ಜೊತೆಗೆ ಎರಡು ಝೆರಾಕ್ಸ್ ಹಚ್ಚಬೇಕು ಅಂತ ಯಾವ ಶಾಸನದಲ್ಲೂ ನಾನಂತೂ ಓದಿಲ್ಲ.

2014ರಲ್ಲೇ ಕೇಂದ್ರ ಸರ್ಕಾರ ಸ್ವಯಂ ದೃಢೀಕರಣ ಸಾಕು ಅಂದಿತ್ತಲ್ವಾ? ಮರುದಿನ ಅದನ್ನೂ ಕೇಳಿದೆ. "ಸಾಕ್ರಿ. ಅದರ ಮ್ಯಾಲೆ ಒಂದ್ ಸೀಲ್ ಹೊಡಿಸಿಬಿಡ್ರಿ."

ರಸ್ತೆ ದಾಟಿದರೆ ಝೆರಾಕ್ಸ್ ಅಂಗಡಿ. ಹತ್ತು ನಿಮಿಷದಲ್ಲಿ ರಬ್ಬರ್ ಸ್ಟ್ಯಾಂಪ್ ಅಂತ ಬೋರ್ಡು. ಸುಮ್ನೆ ವಿಚಾರಿಸಿದೆ. "ಯಾವ ಆಫೀಸಿಂದು ಬೇಕ್ರಿ? ಗೋಲ್ ಸೀಲೋ, ಉದ್ದಂದೋ? ಡಿಸೈನ್ ಎಲ್ಲಾ ಕಂಪ್ಯೂಟರ್‌ನಾಗ ಅದಾವು."

ಸುಮಾರು 2600 ವರ್ಷಗಳ ಹಿಂದೆ ಅಥೆನ್ಸ್‌ನಲ್ಲಿ ಸೋಲನ್ ಮಾಡಿದನೆಂದು ಹೇಳುವ ಒಂದು ಕಾನೂನಿದೆ. ಮುದ್ರೆಯುಂಗುರ ಕೆತ್ತುವವನು ತಾನು ಮಾರಿದ ಉಂಗುರದ ಅಚ್ಚನ್ನು ತನ್ನ ಹತ್ತಿರ ಇಟ್ಟುಕೊಳ್ಳುವಂತಿಲ್ಲ. ನಮ್ಮವನು ಪೆನ್ ಡ್ರೈವ್‌ನಲ್ಲೂ ಒಂದು ಕಾಪಿ ಇಟ್ಟಿದ್ದಾನೆ, ಕರೆಂಟು ಹೋದರೆ ಗಿರಾಕಿಗೆ ತೊಂದರೆ ಆಗಬಾರದಲ್ಲ. ಅಧಿಕಾರಿಯ ಮುಖ ನೋಡಿ ನಂಬದ ಕಚೇರಿ ಇವನ ರಬ್ಬರ್ ತುಂಡನ್ನು ಕಣ್ಣು ಮುಚ್ಚಿ ನಂಬುತ್ತದೆ. ನಾನು ಪುಕ್ಕಲ. ಚಹಾ ಕುಡಿದು ವಾಪಸ್ ಬಂದೆ.

ಮೂರನೇ ದಿನ ಕೀಲಿ ಬಂತು. ಪ್ಯಾಡಿನ ಇಂಕು ಒಣಗಿತ್ತು. ಕ್ಲರ್ಕ್ ಸೀಲನ್ನು ಬಾಯಿ ಹತ್ತಿರ ಹಿಡಿದು 'ಹಾ' ಎಂದು ಉಸಿರು ಬಿಟ್ಟು, ದಪ್ಪನೆ ಕುಟ್ಟಿದರು. ಕಾಗದದ ಮೇಲೆ 'ಕಾರಿ' ಮಾತ್ರ ಮೂಡಿತು. 'ಅಧಿ' ಟೇಬಲ್ ಮೇಲೆ ಬಿತ್ತು.

ಮುಂದಿನ ಕೌಂಟರಿನವರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. "ಛಂದ ಮೂಡಿಲ್ರಿ. ಇನ್ನೊಂದ್ ಹೊಡಿಸಿಕೊಂಡ್ ಬರ್ರಿ."

ತಿರುಗಿ ನೋಡಿದೆ. ಕ್ಲರ್ಕ್ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಊಟಕ್ಕೆ ಹೊರಟಿದ್ದರು.