ಫಾಗ್ ಲೈಟ್ ಹಾಕುವುದಾದರೆ ಒಂದು ಗೋಡೆಯನ್ನೂ ನೋಡಿಟ್ಟುಕೊಳ್ಳಿ

ಮಳೆಗಾಲ ಹತ್ತಿರ ಬಂತೆಂದರೆ ಚಾರ್ಮಾಡಿ, ಶಿರಾಡಿ, ಸಂಪಾಜೆ ದಾರಿಯಲ್ಲಿ ಓಡಾಡುವ ಗೆಳೆಯರಿಂದ ಒಂದೇ ಪ್ರಶ್ನೆ ಬರತೊಡಗುತ್ತದೆ: ಕಾರಿಗೆ ಫಾಗ್ ಲೈಟ್ ಹಾಕಿಸಬೇಕೇ, ಹಾಕಿಸುವುದಾದರೆ ಎಲ್ಲಿ? ಸ್ಪ್ಯಾನರ್ ಹಿಡಿದು ಅಭ್ಯಾಸವಿರುವವರು ಅದನ್ನು ಮನೆಯಲ್ಲೇ ಹಾಕಿಕೊಳ್ಳುವುದು ಒಳ್ಳೆಯದೆಂದು ನಾನು ಹೇಳುತ್ತೇನೆ. ಉಳಿಯುವ ಹಣ ದೊಡ್ಡದೇನಲ್ಲ. ಆದರೆ ಬಹಳಷ್ಟು ಆಕ್ಸೆಸರಿ ಅಂಗಡಿಗಳಲ್ಲಿ ದೀಪ ಹೊತ್ತಿಕೊಂಡ ಕೂಡಲೇ ಕೆಲಸ ಮುಗಿಯಿತೆಂದು ಬಿಲ್ಲು ಕೊಡುತ್ತಾರೆ. ಆ ದೀಪ ಮಂಜಿನಲ್ಲಿ ನಿಜವಾಗಿ ಉಪಯೋಗಕ್ಕೆ ಬರುವಂತೆ ಮಾಡುವ ಕೆಲಸ ಶುರುವಾಗುವುದೇ ಅಲ್ಲಿಂದ.

ಫಾಗ್ ಲೈಟ್ ಎಂದರೆ ಹೆಚ್ಚು ಪ್ರಖರವಾದ ದೀಪ ಎಂಬ ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ. ಮಂಜಿನಲ್ಲಿ ಹೈಬೀಮ್ ಹಾಕಿ ನೋಡಿದವರಿಗೆ ಗೊತ್ತು, ಎದುರಿಗೆ ಬಿಳಿಯ ಪರದೆಯೊಂದು ಎದ್ದು ನಿಂತಂತಾಗಿ ಮೊದಲು ಕಾಣುತ್ತಿದ್ದಷ್ಟು ರಸ್ತೆಯೂ ಕಾಣದಾಗುತ್ತದೆ. ಗಾಳಿಯಲ್ಲಿ ತೇಲುವ ನೀರಿನ ಹನಿಗಳು ಬೆಳಕನ್ನು ಚದುರಿಸಿ ಒಂದಷ್ಟನ್ನು ನಮ್ಮ ಕಣ್ಣಿಗೇ ಹಿಂದಿರುಗಿಸುವುದು ಇದಕ್ಕೆ ಕಾರಣ. ಆದ್ದರಿಂದಲೇ ನಿಜವಾದ ಫಾಗ್ ಲೈಟು ಬಂಪರಿನ ಕೆಳಭಾಗದಲ್ಲಿರುತ್ತದೆ. ಅದರ ಬೆಳಕು ಎಡಬಲಕ್ಕೆ ಅಗಲವಾಗಿ ಹರಡಿ, ಮೇಲ್ಭಾಗದಲ್ಲಿ ಗೆರೆ ಎಳೆದಂತೆ ಕತ್ತರಿಸಿರುತ್ತದೆ. ಆ ಗೆರೆಗಿಂತ ಮೇಲಕ್ಕೆ ಬೆಳಕು ಹೋಗಬಾರದು. ರಸ್ತೆಯ ಅಂಚಿನ ಬಿಳಿ ಪಟ್ಟಿ, ಚರಂಡಿ, ತಡೆಗೋಡೆಯ ಬುಡ ಹತ್ತಾರು ಮೀಟರ್ ದೂರದವರೆಗೆ ಕಂಡರೆ ಅದರ ಕೆಲಸವಾಯಿತು. ದೂರದ ತಿರುವನ್ನು ತೋರಿಸುವುದು ಅದರ ಜವಾಬ್ದಾರಿಯೇ ಅಲ್ಲ.

ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆ ಎಂಬ ಮಾತನ್ನೂ ಅಷ್ಟೇ ಎಚ್ಚರದಿಂದ ಕೇಳಬೇಕು. ಆಕಾಶ ನೀಲಿಯಾಗಿ ಕಾಣಲು ಕಾರಣವಾದ ಚದುರುವಿಕೆ ನಡೆಯುವುದು ಗಾಳಿಯ ಅಣುಗಳಷ್ಟು ಸಣ್ಣ ಕಣಗಳಿಂದ. ಮಂಜಿನ ಹನಿಗಳಾದರೋ ಬೆಳಕಿನ ತರಂಗಾಂತರಕ್ಕಿಂತ ಎಷ್ಟೋ ಪಟ್ಟು ದೊಡ್ಡವು. ಅವು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚದುರಿಸುತ್ತವೆ. ಹಳದಿಯಲ್ಲಿ ನೀಲಿಯ ಅಂಶವಿಲ್ಲದಿರುವುದರಿಂದ ಕಣ್ಣಿಗೆ ಕುಕ್ಕುವುದು ಕಡಿಮೆಯೆನ್ನಿಸುತ್ತದೆ, ಅಷ್ಟು ಲಾಭ ಇದೆ. ಫ್ರಾನ್ಸಿನಲ್ಲಿ 1993ರವರೆಗೂ ಹೊಸ ಕಾರುಗಳ ಹೆಡ್‌ಲೈಟೇ ಹಳದಿಯಾಗಿರಬೇಕೆಂಬ ನಿಯಮವಿತ್ತು. ನನಗೂ ಹಳದಿಯೇ ಇಷ್ಟ. ಆದರೆ ಬೆಳಕಿನ ಮೇಲಂಚು ಸರಿಯಾಗಿಲ್ಲದ ಹಳದಿ ದೀಪಕ್ಕಿಂತ ಅದು ಸರಿಯಾಗಿರುವ ಬಿಳಿ ದೀಪವೇ ಮೇಲು.

ಕೊಳ್ಳುವಾಗ ನನ್ನ ಸಲಹೆ ಸರಳವಾದುದು. ನಿಮ್ಮದು ಕೆಳಗಿನ ವೇರಿಯಂಟ್ ಆಗಿದ್ದು, ಬಂಪರಿನಲ್ಲಿ ಫಾಗ್ ಲೈಟಿನ ಜಾಗಕ್ಕೆ ಪ್ಲಾಸ್ಟಿಕ್ ಮುಚ್ಚಳ ಕೂರಿಸಿದ್ದರೆ, ಅದೇ ಮಾದರಿಯ ಮೇಲಿನ ವೇರಿಯಂಟಿಗೆ ಬರುವ ದೀಪವನ್ನೇ ತನ್ನಿ. ಅದು ಆ ಜಾಗಕ್ಕೆಂದೇ ಮಾಡಿದ್ದು, ಬಾಗಿಸಲು ಹಿಂದೆ ಸ್ಕ್ರೂ ಇರುತ್ತದೆ, ಬಂಪರ್ ಕೊರೆಯುವ ಪ್ರಮೇಯವಿಲ್ಲ. ಫಾಗ್ ಲೈಟ್ ಎಂಬ ಹೆಸರಿನಲ್ಲಿ ಮಾರುವ ಚೌಕಾಕಾರದ ಎಲ್‌ಇಡಿ ಬಾರ್‌ಗಳಲ್ಲಿ ಬಹುಪಾಲು ಮಂಜಿನ ದೀಪಗಳೇ ಅಲ್ಲ. ಹಾಗೆಯೇ ಹ್ಯಾಲೊಜನ್ ಬಲ್ಬಿಗೆಂದು ಮಾಡಿದ ದೀಪದ ಗೂಡಿಗೆ ಎಲ್‌ಇಡಿ ಬಲ್ಬ್ ತುರುಕುವುದೂ ಸಲ್ಲದು. ಅದರೊಳಗೆ ಬೆಳಕನ್ನು ಮುಂದಕ್ಕೆ ತಿರುಗಿಸುವ ರಿಫ್ಲೆಕ್ಟರನ್ನು ರೂಪಿಸಿರುವುದು ಸಣ್ಣ ತಂತಿಯೊಂದು ನಿರ್ದಿಷ್ಟ ಬಿಂದುವಿನಲ್ಲಿ ಉರಿಯುತ್ತದೆಂಬ ಲೆಕ್ಕದ ಮೇಲೆ. ಬೆಳಕಿನ ಮೂಲದ ಆಕಾರವೋ ಸ್ಥಾನವೋ ತುಸು ಬದಲಾದರೂ ಮೇಲಂಚಿನ ಗೆರೆ ಕಲಸಿಹೋಗುತ್ತದೆ.

ಇನ್ನು ವೈರಿಂಗ್. ಫಾಗ್ ಲೈಟಿಗೆ ಬಳಸುವ ಎಚ್11 ಎಂಬ ಮಾದರಿಯ ಹ್ಯಾಲೊಜನ್ ಬಲ್ಬ್ ಒಂದಕ್ಕೆ 55 ವಾಟ್, ಎರಡಕ್ಕೆ 110. 12 ವೋಲ್ಟ್ ಲೆಕ್ಕದಲ್ಲಿ ಒಂಬತ್ತು ಆಂಪಿಯರ್‌ಗಿಂತ ತುಸು ಹೆಚ್ಚು ವಿದ್ಯುತ್ ಹರಿಯುತ್ತದೆ. ಇಷ್ಟನ್ನು ಪಾರ್ಕ್ ಲೈಟಿನ ಸಪೂರ ವೈರಿನಿಂದಲೋ ಡ್ಯಾಶ್‌ಬೋರ್ಡಿನ ಸ್ವಿಚ್ ಮೂಲಕವೋ ನೇರವಾಗಿ ಎಳೆದರೆ ವೈರು ಬಿಸಿಯಾಗಿ, ಇನ್ಸುಲೇಶನ್ ಕರಗಿ, ಬೆಂಕಿಗೆ ದಾರಿಯಾಗುತ್ತದೆ. ಅದಕ್ಕೇ ರಿಲೇ ಬೇಕು, ಅಂದರೆ ಸಣ್ಣ ವಿದ್ಯುತ್ ಪ್ರವಾಹದಿಂದ ದೊಡ್ಡ ಪ್ರವಾಹವನ್ನು ಹರಿಸಿ ನಿಲ್ಲಿಸುವ ಸ್ವಿಚ್ಚು. ಅದರ ಪಿನ್ನುಗಳಿಗೆ ಸಂಖ್ಯೆಗಳಿರುತ್ತವೆ. ಬ್ಯಾಟರಿಯ ಪ್ಲಸ್‌ನಿಂದ ಹೊರಟ ದಪ್ಪ ವೈರು ಬ್ಯಾಟರಿಯ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್ ದಾಟಿ ರಿಲೇಯ 30ನೇ ಪಿನ್ನಿಗೆ ಬರಬೇಕು. 87ರಿಂದ ದೀಪಗಳಿಗೆ, 85ರಿಂದ ಅರ್ತಿಂಗಿಗೆ (ಕಾರಿನ ಲೋಹದ ಮೈಗೆ), ಸ್ವಿಚ್ಚಿನಿಂದ ಬರುವ ಸಣ್ಣ ವೈರು 86ಕ್ಕೆ. ಆ ಸ್ವಿಚ್ಚಿಗೆ ಪಾರ್ಕ್ ಲೈಟಿನ ಸಂಪರ್ಕ ಕೊಟ್ಟರೆ, ಕಾರಿನ ದೀಪಗಳನ್ನು ಆರಿಸಿದಾಗ ಫಾಗ್ ಲೈಟೂ ತಾನಾಗಿ ಆರುತ್ತದೆ, ಬೆಳಿಗ್ಗೆ ಬ್ಯಾಟರಿ ಸತ್ತಿರುವುದಿಲ್ಲ.

ಕೆಲಸ ಶುರುಮಾಡುವ ಮೊದಲು ಬ್ಯಾಟರಿಯ ಮೈನಸ್ ಟರ್ಮಿನಲ್ ಕಳಚಿಡಿ. ಅರ್ತಿಂಗ್ ಕೊಡುವ ಬೋಲ್ಟಿನ ಕೆಳಗೆ ಬಣ್ಣವಿದ್ದರೆ ಉಜ್ಜಿ ಲೋಹ ಕಾಣಿಸಿದ ಮೇಲೆಯೇ ವೈರಿನ ತುದಿಯ ಲೋಹದ ಬಳೆ (ಲಗ್) ಕೂರಿಸಿ, ಮೇಲೆ ಸ್ವಲ್ಪ ಗ್ರೀಸ್ ಸವರಿ. ದೀಪ ಮಂಕಾಗಿ ಉರಿಯುತ್ತಿದೆ ಎಂಬ ದೂರುಗಳಲ್ಲಿ ಎಷ್ಟೋ ಅರ್ತಿಂಗಿನ ದೂರುಗಳೇ ಆಗಿರುತ್ತವೆ. ವೈರುಗಳನ್ನು ತಿರುಚಿ ಕಪ್ಪು ಟೇಪು ಸುತ್ತುವ ಪದ್ಧತಿ ನನಗೆ ಹಿಡಿಸದು, ಏಕೆಂದರೆ ಎಂಜಿನ್ನಿನ ಶಾಖಕ್ಕೆ ಟೇಪಿನ ಅಂಟು ಜಾರಿ, ಮಳೆನೀರು ಒಳಗಿಳಿದು, ತಾಮ್ರ ಹಸಿರುಗಟ್ಟುತ್ತದೆ. ಬಾನೆಟ್ಟಿನಿಂದ ಕಾರಿನೊಳಕ್ಕೆ ವೈರು ತರುವಾಗ ತಗಡಿನ ತೂತಿಗೆ ಈಗಾಗಲೇ ಕೂರಿಸಿರುವ ರಬ್ಬರ್ ಬಳೆಯ (ಗ್ರಾಮೆಟ್) ಮೂಲಕವೇ ತನ್ನಿ. ತಗಡಿನ ಅಂಚಿಗೆ ತಾಗಿದ ವೈರು ಇಂದಲ್ಲ ನಾಳೆ ಕೊಯ್ದುಕೊಳ್ಳುತ್ತದೆ.

ಈಗ ಗೋಡೆಯ ವಿಷಯ. ಸಮತಟ್ಟಾದ ನೆಲದಲ್ಲಿ, ಗೋಡೆಗೆ ನೇರವಾಗಿ, ದೀಪಕ್ಕೂ ಗೋಡೆಗೂ 25 ಅಡಿ ಅಂತರವಿರುವಂತೆ ಕಾರು ನಿಲ್ಲಿಸಿ. ಟೈರಿನ ಗಾಳಿ ಸರಿಯಾಗಿರಲಿ, ಚಾಲಕನ ಸೀಟಿನಲ್ಲಿ ಯಾರನ್ನಾದರೂ ಕೂರಿಸಿ. ನೆಲದಿಂದ ದೀಪದ ನಡುಭಾಗ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರದಲ್ಲಿ ಗೋಡೆಯ ಮೇಲೊಂದು ಗೆರೆ ಎಳೆದು, ಅದರಿಂದ 4 ಅಂಗುಲ ಕೆಳಗೆ ಇನ್ನೊಂದು ಗೆರೆ ಎಳೆಯಿರಿ. ಬೆಳಕಿನ ಮೇಲಂಚು ಈ ಕೆಳಗಿನ ಗೆರೆಯ ಮೇಲೆ ಕೂರುವವರೆಗೆ ಹಿಂದಿನ ಸ್ಕ್ರೂ ತಿರುಗಿಸಬೇಕು. ಒಂದು ದೀಪವನ್ನು ಬಟ್ಟೆಯಿಂದ ಮುಚ್ಚಿ ಇನ್ನೊಂದನ್ನು ನೋಡಿದರೆ ಗೊಂದಲವಾಗುವುದಿಲ್ಲ. ಬಟ್ಟೆಯನ್ನು ಹೆಚ್ಚು ಹೊತ್ತು ಬಿಡಬೇಡಿ, ಹ್ಯಾಲೊಜನ್ ಶಾಖಕ್ಕೆ ಅದು ಸುಟ್ಟೀತು. ಹಿಂದಿನ ಸೀಟು, ಡಿಕ್ಕಿ ತುಂಬಿದಾಗ ಕಾರಿನ ಮೂತಿ ಮೇಲೇಳುತ್ತದೆ, ಅದರೊಂದಿಗೆ ಬೆಳಕೂ ಏಳುತ್ತದೆ. ಸಂಸಾರ ಸಮೇತ ಊರಿಗೆ ಹೋಗುವುದೇ ಹೆಚ್ಚಾದರೆ ಅಷ್ಟು ಭಾರ ಹೇರಿಯೇ ಹೊಂದಿಸಿಕೊಳ್ಳುವುದು ಜಾಣತನ.

ಕಾನೂನಿನ ಮಾತನ್ನು ಬಿಡುವಂತಿಲ್ಲ. ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2024ರ ಜುಲೈಯಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ರಾಜ್ಯದಾದ್ಯಂತ ಕಾರ್ಯಾಚರಣೆ ನಡೆಸಿದ್ದರು. ಕಂಪನಿಯ ದೀಪವನ್ನು ಕಂಪನಿಯ ಜಾಗದಲ್ಲೇ ಕೂರಿಸಿ ಎಂದು ನಾನು ಪಟ್ಟು ಹಿಡಿಯುವುದಕ್ಕೆ ಇದೂ ಒಂದು ಕಾರಣ. ವಾರಂಟಿ ಇನ್ನೂ ಮುಗಿದಿರದ ಕಾರಿನಲ್ಲಿ ಮೂಲ ವೈರಿಂಗನ್ನು ಕತ್ತರಿಸಲೇಬೇಡಿ. ಬಂಪರಿನ ಹಿಂದೆ ರಾಡಾರ್ ಇರುವ, ದೀಪಗಳನ್ನೆಲ್ಲ ಕಂಪ್ಯೂಟರೇ ನಿಯಂತ್ರಿಸುವ ಹೊಸ ಕಾರುಗಳ ತಂಟೆಗೆ ಮನೆಯಲ್ಲಿ ಹೋಗುವುದು ಬೇಡ. ಅಂಥವರು ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಹಾಕಿಸಿ, ಗೋಡೆಯ ಪರೀಕ್ಷೆಯನ್ನು ಮಾತ್ರ ಮನೆಗೆ ಬಂದು ತಾವೇ ಮಾಡಿಕೊಳ್ಳಲಿ.